ಜಲಗತಸುವರ್ಣವೂ ಅಯಸ್ಕಾಂತವೂ

ಹೊಳೆಯ ಮರಳನ್ನು ಮರಿಗೆಯಲ್ಲಿ ತೊಳೆದು ಹೊನ್ನಿನ ಕಣಗಳನ್ನು ಆಯುವವನಿಗೆ ಕನ್ನಡದಲ್ಲಿ ಜಲಗಾರನೆಂದು ಹೆಸರುಂಟು. ಅವನ ಕಸುಬಿಗೆ ಆಧಾರವಾದುದು ಹೊನ್ನಿನ ಭಾರವೊಂದೇ. ಮರಳು ನೀರಿನೊಡನೆ ಹರಿದುಹೋಗುವುದು, ಹೊನ್ನು ತಳದಲ್ಲಿ ನಿಲ್ಲುವುದು. ಆದರೆ ಹೊನ್ನು ಉಪ್ಪಿನಂತೆ ನೀರಿನಲ್ಲಿ ಕರಗಿದ್ದ ಪಕ್ಷದಲ್ಲಿ ಈ ಉಪಾಯವು ಸಾಗದು. ಆಗ ಹೊನ್ನನ್ನು ಹಿಡಿಯತಕ್ಕ ಬೇರೊಂದು ದ್ರವ್ಯವನ್ನು ನೀರಿಗೆ ಹಾಕಬೇಕು. ಹಿಡಿದ ಬಳಿಕ ಆ ದ್ರವ್ಯವನ್ನೇ ಹೊರತೆಗೆಯಬೇಕು. ಈ ಎರಡನೆಯ ಕಾರ್ಯವು ಸುಲಭವೆಂದು ತೋರುವುದು, ಕಷ್ಟವಿರುವುದು ಅದರಲ್ಲಿಯೇ.

1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು, ಅರೆದ ಅದಿರಿನ ಹೊನ್ನನ್ನು ಸೈನೈಡ್ ದ್ರಾವಣದಲ್ಲಿ ಕರಗಿಸುವ ಕ್ರಮವನ್ನು ಪ್ರಕಟಿಸಿದರು. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿಯೂ ಈ ಕ್ರಮವು ನಡೆದಿದ್ದಿತು. ಕರಗಿದ ಹೊನ್ನನ್ನು ಮರಳಿ ಪಡೆಯುವುದಕ್ಕೆ ಮೊದಲು ಸತುವನ್ನು ಉಪಯೋಗಿಸುತ್ತಿದ್ದರು. ಅನಂತರ 1973ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ, ಸಂಸ್ಕರಿಸಿದ ಇದ್ದಲನ್ನು ಅದಿರಿನ ಕೆಸರಿನೊಳಗೇ ಬೆರಸುವ ಪದ್ಧತಿಯು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ಇಂತಹ ಇದ್ದಲು ಬಹುಛಿದ್ರವುಳ್ಳದ್ದು. ಒಂದು ಗ್ರಾಮಿನ ಒಳಮೈಯನ್ನೆಲ್ಲ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುವುದು. ಹೊನ್ನು ಈ ಮೈಗೆ ಅಂಟಿಕೊಳ್ಳುವುದು. ಇದು ಬಟ್ಟೆಯು ನೀರನ್ನು ಹೀರುವ ಶೋಷಣವಲ್ಲ; ಮೈಯ ಮೇಲೆ ಮಾತ್ರ ನಡೆಯುವುದರಿಂದ ಅಧಿಶೋಷಣವೆಂದು ಕರೆಯುವುದು ಯುಕ್ತ. ಅಧಿ ಎಂಬ ಉಪಸರ್ಗವು ಇಲ್ಲಿ ಸಾರ್ಥಕವಾಗಿದೆ.

ಇದ್ದಲಿನ ಹರಳು ದಪ್ಪವಾಗಿದ್ದರೆ ಜರಡಿಯಲ್ಲಿ ನಿಲ್ಲುವುದು, ಆದರೆ ಹೊನ್ನು ಅದರ ಒಳರಂಧ್ರಗಳನ್ನು ಮುಟ್ಟುವುದಕ್ಕೆ ಬಹಳ ಹೊತ್ತು ಬೇಕು. ನುಣ್ಣಗೆ ಅರೆದರೆ ಬೇಗ ಹಿಡಿಯುವುದು, ಆದರೆ ಜರಡಿಯಿಂದ ಜಾರಿ ಹೊನ್ನಿನೊಡನೆಯೇ ಹೊರಟುಹೋಗುವುದು. ಈ ಉಭಯಸಂಕಟಕ್ಕೆ ಅಯಸ್ಕಾಂತವು ಪರಿಹಾರವಾಗಿ ಒದಗಿದೆ.

ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುವುದೆಂಬುದು ಕುಮಾರಸಂಭವದ ಎರಡನೆಯ ಸರ್ಗದಲ್ಲಿ ಬ್ರಹ್ಮನ ಬಾಯಲ್ಲಿ ಉಪಮಾನವಾಗಿ ಬಂದಿರುವುದನ್ನು ವಿದ್ವಾಂಸರು ಬಲ್ಲರು. ಆದರೆ ಅದು ಹೊನ್ನನ್ನು ಸೆಳೆಯದು. ಆದುದರಿಂದ ಹೊನ್ನನ್ನು ಕಬ್ಬಿಣದ ಬೆನ್ನಿನ ಮೇಲೆ ಕೂಡಿಸಬೇಕು. ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದದಿರಿನ ಸುಮಾರು ಹತ್ತು ನ್ಯಾನೋಮೀಟರಿನ ಕಣಗಳನ್ನು ಸಿಲಿಕ, ಇದ್ದಲು ಮೊದಲಾದ ರಂಧ್ರಮಯ ದ್ರವ್ಯದೊಳಗೆ ಹುದುಗಿಸುವರು. ಇಷ್ಟು ಸೂಕ್ಷ್ಮವಾದ ಕಣಗಳಿಗೆ ಒಂದು ವಿಶೇಷ ಗುಣವುಂಟು: ಅಯಸ್ಕಾಂತವು ಹತ್ತಿರವಿದ್ದಾಗ ಮಾತ್ರ ಅವು ಸೆಳೆಯಲ್ಪಡುವುವು, ಅದನ್ನು ತೆಗೆದೊಡನೆ ಆ ಗುಣವನ್ನು ಉಳಿಸಿಕೊಳ್ಳದೆ, ಒಂದಕ್ಕೊಂದು ಅಂಟದೆ, ಪುನಃ ನೀರಿನಲ್ಲಿ ಹರಡುವುವು. ಮ್ಯಾಗ್ನೆಟೈಟು ಆಮ್ಲದಲ್ಲಿ ಕರಗುವುದರಿಂದ ಸಿಲಿಕದ ಹೊದಿಕೆಯು ಅದಕ್ಕೆ ಕವಚವೂ ಆಗುವುದು. ಹೊರಮೈಗೆ ಗಂಧಕವುಳ್ಳ ಅಣುಗುಂಪುಗಳನ್ನು ಜೋಡಿಸುವರು. ಹೊನ್ನಿಗೂ ಗಂಧಕಕ್ಕೂ ಬಲವಾದ ಅನುಬಂಧವಿರುವುದು. ಪ್ಲಾಟಿನಮ್, ಪಲ್ಲೇಡಿಯಮ್‌ಗಳಿಗೂ ಇದೇ ನ್ಯಾಯ. ಹಿಡಿದ ಹೊನ್ನನ್ನು ಆಮ್ಲಯುಕ್ತವಾದ ಥಯೋಯೂರಿಯದಿಂದ ಬಿಡಿಸಿ, ಕಣಗಳನ್ನು ತೊಳೆದು ಮತ್ತೆ ಉಪಯೋಗಿಸುವರು. ಬಿಡಿಸಲಾಗದಂತೆ ಹಿಡಿಯುವ ದ್ರವ್ಯವು ಎಷ್ಟು ಸಮರ್ಥವಾದರೂ ಒಂದೇ ಸಲಕ್ಕೆ ತೀರಿತು.

ಹಾಗಾದರೆ ಸಮುದ್ರದ ಹೊನ್ನನ್ನೇ ಏಕೆ ತೆಗೆಯಬಾರದು? ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಪರಿಹಾರದ ಸಾಲವನ್ನು ಹೀಗೆ ತೀರಿಸಬಹುದೆಂದು ಫ್ರಿಟ್ಸ್ ಹಾಬರನು ಎಣಿಸಿದನು. ಒಂದು ಟನ್ ಸಮುದ್ರಜಲದಲ್ಲಿ 6 ಮಿಲಿಗ್ರಾಂ ಹೊನ್ನಿರುವುದೆಂದು 1903ರಲ್ಲಿ ಅರೀನಿಯಸನು ಅಂದಾಜುಮಾಡಿದ್ದನು. ಹಾಬರನು ಹಡಗುಗಳಲ್ಲಿ ತರಿಸಿದ ನೀರನ್ನು ವರ್ಷಗಟ್ಟಲೆ ಪರೀಕ್ಷಿಸಿ 1927ರಲ್ಲಿ ಪ್ರಕಟಿಸಿದ ಫಲವು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 1990ರ ಅಳತೆಗಳು ಅದನ್ನೂ ಬಹಳ ಕೆಳಗಿಳಿಸಿದುವು: ತೆರೆದ ಸಾಗರದಲ್ಲಿ ಒಂದು ಗ್ರಾಂ ಹೊನ್ನಿಗೆ ಸುಮಾರು ಹತ್ತು ಕೋಟಿ ಟನ್ ನೀರು. ಅಷ್ಟನ್ನು ಎತ್ತಿ ಹಾಯಿಸುವ ವೆಚ್ಚದ ಮುಂದೆ ಎಂತಹ ಅಧಿಶೋಷಕವೂ ನಿಷ್ಫಲ.

ಚಿನ್ನದ ಮುಲಾಮು ಹಾಕುವ ಕಾರ್ಖಾನೆಗಳ ತೊಳೆನೀರು, ಹಳೆಯ ಕಂಪ್ಯೂಟರು ದೂರವಾಣಿಗಳ ಬಿಲ್ಲೆಗಳನ್ನು ಆಮ್ಲದಲ್ಲಿ ಕರಗಿಸಿದ ದ್ರವ, ಇವುಗಳ ಮಾತು ಬೇರೆ. ಲೀಟರಿಗೆ ಒಂದು ಮಿಲಿಗ್ರಾಂ ಹೊನ್ನಿದ್ದರೂ ಒಂದು ಟನ್ನಿಗೆ ಒಂದು ಗ್ರಾಮಾಯಿತು. ಇಲ್ಲಿ ತೊಡಕಾಗುವುದು ಹೊನ್ನಿನ ವಿರಳತೆಗಿಂತ ಹೆಚ್ಚಾಗಿ ತಾಮ್ರದ ಗುಂಪು. ಅದೇ ದ್ರವದಲ್ಲಿ ಅದು ಹೊನ್ನಿಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದು, ಅದೇ ಸ್ಥಾನಕ್ಕೆ ನುಗ್ಗುವುದು. ತಾಮ್ರವನ್ನು ಬಿಟ್ಟು ಹೊನ್ನನ್ನೇ ಆರಿಸುವ ಮೈಯನ್ನು ರಚಿಸುವುದರಲ್ಲಿಯೇ ರಸಾಯನಶಾಸ್ತ್ರಜ್ಞರ ಶ್ರಮವು ಹೆಚ್ಚಾಗಿ ನಡೆದಿರುವುದು.