ಜೋಳ ತುಂಬುವ ಮುನ್ನ ಲಾರಿಯ ಗಾಳಿ ನೋಡಿ

ದೀಪಾವಳಿಯ ಆಸುಪಾಸು ಬಂತೆಂದರೆ ಉಬ್ರಾಣಿ ಹೋಬಳಿಯ ಕಣಗಳಿಗೆ ಲಾರಿಗಳು ಬರತೊಡಗುತ್ತವೆ. ಒಂದು ಕಡೆ ಮೆಕ್ಕೆಜೋಳದ ರಾಶಿ, ಇನ್ನೊಂದು ಕಡೆ ಅಡಿಕೆ ಕೊಯ್ಲು. ಮಾಲು ಚನ್ನಗಿರಿಗೋ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ತೇವಾಂಶ, ತೂಕ, ಧಾರಣೆ ಇವನ್ನೆಲ್ಲ ನಾವು ಹತ್ತು ಸಲ ವಿಚಾರಿಸುತ್ತೇವೆ. ಮಾಲು ಹೊರುವ ಲಾರಿಯ ಬ್ರೇಕು ಹೇಗಿದೆ ಎಂದು ಕೇಳುವವರು ಮಾತ್ರ ಕಡಿಮೆ.

ನಾನೂ ಕೇಳುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ಕಣ್ಣಾರೆ ಕಂಡ ಸಂಗತಿ ನನ್ನನ್ನು ಎಚ್ಚರಿಸಿತು. ಸ್ವಲ್ಪ ಇಳಿಜಾರಿದ್ದ ಕಣದಲ್ಲಿ ಹಿಂದಿನ ಸಂಜೆ ಅರ್ಧ ಲೋಡು ತುಂಬಿ ಲಾರಿ ನಿಲ್ಲಿಸಿದ್ದರು. ಬೆಳಿಗ್ಗೆ ಚಾಲಕ ಗೇರು ತೆಗೆದು ಇಂಜಿನ್ ಶುರು ಮಾಡಿದ. ಲಾರಿ ಅಲ್ಲಾಡಲಿಲ್ಲ. ಹ್ಯಾಂಡ್ ಬ್ರೇಕ್ ಹಾಕಿದೆ ಎಂದುಕೊಂಡು ಚಹಾ ಕುಡಿಯಲು ಇಳಿದ. ಹಮಾಲರು ಹಿಂದೆ ನಿಂತು ಚೀಲ ಎತ್ತುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಲಾರಿ ತಾನಾಗಿ ಹಿಂದಕ್ಕೆ ಉರುಳತೊಡಗಿತು. "ಏ ತಮ್ಮಾ, ಲಾರಿ ಹೊಂಟ್ತು, ಸರೀರೋ!" ಎಂದು ಅಜ್ಜರೊಬ್ಬರು ಕೂಗಿದ್ದರಿಂದ ಎಲ್ಲರೂ ಹಾರಿ ಪಕ್ಕಕ್ಕಾದರು. ಲಾರಿ ಬದುವಿಗೆ ಗುದ್ದಿ ನಿಂತಿತು. ನಾಲ್ಕಾರು ಚೀಲ ಒಡೆದವು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ.

ಹೀಗೇಕಾಯಿತು?

ಭಾರಿ ಲಾರಿಗಳ ಬ್ರೇಕು ಗಾಳಿಯಿಂದ ನಡೆಯುತ್ತದೆ. ಇಂಜಿನ್ ತಿರುಗಿದಾಗ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಪೆಡಲ್ ತುಳಿದಾಗ ಆ ಗಾಳಿ ಪೈಪುಗಳ ಮೂಲಕ ಗಾಲಿಯ ಬಳಿಯ ಡಬ್ಬಿಗೆ ನುಗ್ಗಿ ಸರಳನ್ನು ತಳ್ಳುತ್ತದೆ, ಲೈನರುಗಳು ಡ್ರಮ್ಮಿಗೆ ಒತ್ತುತ್ತವೆ. ನಿಲುಗಡೆಯ ಬ್ರೇಕಿನ ರೀತಿ ಇದಕ್ಕೆ ತಿರುವುಮುರುವು. ಈಗಿನ ಲಾರಿಗಳಲ್ಲಿ ಅದು ಬಲವಾದ ಸ್ಪ್ರಿಂಗಿನಿಂದ ಹಿಡಿಯುತ್ತದೆ, ಗಾಳಿಯಿಂದ ಬಿಡುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗು ತಾನೇ ಗಾಲಿಯನ್ನು ಕಚ್ಚುತ್ತದೆ.

ಗಾಳಿ ಹೋದರೆ ಬಂಡಿ ನಿಲ್ಲಬೇಕೆಂಬ ಈ ತತ್ತ್ವ ಹಳೆಯದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿಯ ಬ್ರೇಕು ತಂದರು. ಪೈಪು ಹರಿದರೆ ಬ್ರೇಕು ತಾನೇ ಬೀಳುವಂತೆ 1872ರ ಹೊತ್ತಿಗೆ ಅದನ್ನು ಮಾರ್ಪಡಿಸಿದರು.

ನಮ್ಮ ಕಣದಲ್ಲಿ ಚಾಲಕ ಸಂಜೆ ಗೇರಿನ ಮೇಲೆ ಲಾರಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಲು ಮರೆತಿದ್ದ. ರಾತ್ರಿ ಗಾಳಿಯೆಲ್ಲ ಸೋರಿ ಸ್ಪ್ರಿಂಗು ಕಚ್ಚಿಕೊಂಡಿತ್ತು. ಬೆಳಿಗ್ಗೆ ಇಂಜಿನ್ ತಿರುಗಿ ಗಾಳಿ ತುಂಬಿದೊಡನೆ ಸ್ಪ್ರಿಂಗು ಹಿಡಿತ ಬಿಟ್ಟಿತು. ತಪ್ಪು ಎರಡು: ಮರೆವು ಒಂದು, ಸೋರಿಕೆ ಇನ್ನೊಂದು. ರಾತ್ರಿ ಕಳೆಯುವುದರೊಳಗೆ ಟ್ಯಾಂಕು ಬರಿದಾಗುವ ಲಾರಿಯನ್ನು ಮೊದಲು ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಐದಾರು ನಿಮಿಷದ ಪರೀಕ್ಷೆ

ಇದನ್ನು ಚಾಲಕನೇ ಮಾಡಬೇಕು, ನೀವು ಜೊತೆಗೆ ನಿಂತು ನೋಡಿ. ಸಮತಟ್ಟಾದ ಜಾಗದಲ್ಲಿ ಲಾರಿ ನಿಲ್ಲಿಸಿ, ಗಾಲಿಗಳ ಹಿಂದೆ ಮುಂದೆ ದಪ್ಪ ಮರದ ತುಂಡು ಅಥವಾ ಕಲ್ಲು ಕೊಟ್ಟ ಮೇಲೆಯೇ ಪರೀಕ್ಷೆ ಆರಂಭಿಸತಕ್ಕದ್ದು.

1. ಇಂಜಿನ್ ನಡೆಸಿ ಗಾಳಿ ಪೂರ್ತಿ ತುಂಬಲಿ. ಸಾಮಾನ್ಯವಾಗಿ ಗೇಜಿನ ಮುಳ್ಳು ಚದರ ಸೆಂಟಿಮೀಟರಿಗೆ 7ರಿಂದ 8 ಕಿಲೋ ಒತ್ತಡ ತೋರಿಸುತ್ತದೆ. ಬಹಳ ಹೊತ್ತಾದರೂ ಏರದಿದ್ದರೆ ಕಂಪ್ರೆಸರ್ ಸೋತಿದೆ, ಇಲ್ಲವೇ ಎಲ್ಲೋ ದೊಡ್ಡ ಸೋರಿಕೆಯಿದೆ.

2. ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲನ್ನು ಪೂರ್ತಿ ತುಳಿದು ಹಿಡಿಯಲಿ. ಮುಳ್ಳು ಮೊದಲು ಸ್ವಲ್ಪ ಇಳಿದು ನಿಲ್ಲುತ್ತದೆ. ಆಮೇಲೆ ಒಂದು ನಿಮಿಷದಲ್ಲಿ 0.2 ಕಿಲೋಗಿಂತ ಹೆಚ್ಚು ಇಳಿಯಬಾರದು. ಈ ಹೊತ್ತಿನಲ್ಲಿ ಲಾರಿಯ ಪಕ್ಕದಲ್ಲಿ ನಿಂತು ಕಿವಿಗೊಡಿ. 'ಸುಸ್' ಎಂಬ ಸದ್ದು ಬಂದ ಕಡೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಅಲ್ಲಿಯೇ.

3. ಕೀಲಿ ಆನ್ ಮಾಡಿ, ಇಂಜಿನ್ ನಡೆಸದೆ ಪೆಡಲನ್ನು ಮತ್ತೆ ಮತ್ತೆ ತುಳಿಯಲಿ. ಮುಳ್ಳು 4 ಕಿಲೋಗೆ ಇಳಿಯುವ ಮೊದಲೇ ಎಚ್ಚರಿಕೆಯ ದೀಪ ಹತ್ತಬೇಕು ಅಥವಾ ಬಜರ್ ಕೂಗಬೇಕು. ಎಷ್ಟೋ ಕಡೆ ಕಿರಿಕಿರಿಯೆಂದು ಬಜರಿನ ವೈರನ್ನೇ ಕಿತ್ತಿರುತ್ತಾರೆ. ಅದು ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ.

4. ಟ್ಯಾಂಕಿನ ಅಡಿಯ ಕಾಕ್ ತೆರೆದು ನೀರು ಬಿಡಲಿ. ನೀರು ನಿಂತರೆ ಗಾಳಿಗೆ ಜಾಗ ಕಡಿಮೆ, ಒಳಗೆ ತುಕ್ಕು. ನೀರಿನ ಜೊತೆ ಎಣ್ಣೆ ಹೆಚ್ಚು ಬಂದರೆ ಕಂಪ್ರೆಸರ್ ಸವೆದಿದೆ ಎಂದರ್ಥ.

5. ಮತ್ತೆ ಗಾಳಿ ತುಂಬಿ, ಅಡ್ಡಗಲ್ಲು ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ, ಮೊದಲನೆಯ ಗೇರಿನಲ್ಲಿ ಮೆಲ್ಲಗೆ ಎಳೆದು ನೋಡಲಿ. ಲಾರಿ ಕದಲಬಾರದು. ಕೊನೆಗೆ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿಯಲಿ. ಲಾರಿ ಒಂದು ಪಕ್ಕಕ್ಕೆ ಎಳೆದರೆ ಗಾಲಿಗಳ ಹೊಂದಾಣಿಕೆ ತಪ್ಪಿದೆ.

ಲೈನರು ಸವೆದಂತೆ ಸರಳಿನ ಓಟ ಉದ್ದವಾಗುತ್ತದೆ. ಅದನ್ನು ಸರಿಪಡಿಸುವುದು ಸ್ಲ್ಯಾಕ್ ಅಡ್ಜಸ್ಟರಿನ ಕೆಲಸ. ಗಾಳಿ ಪೂರ್ತಿ ಇದ್ದರೂ ಅಡ್ಜಸ್ಟರ್ ಸಡಿಲವಿದ್ದರೆ ಹಿಡಿತ ಬರುವುದಿಲ್ಲ. ಸ್ಪ್ರಿಂಗ್ ಇರುವ ಡಬ್ಬಿಯನ್ನು ಮಾತ್ರ ಕಣದಲ್ಲಿ ಯಾರೂ ಬಿಚ್ಚಬೇಡಿ. ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೇ ಅಪಾಯ.

ಹೇರು ಮತ್ತು ಇಳಿಜಾರು

ಎಷ್ಟೇ ಒಳ್ಳೆಯ ಬ್ರೇಕಾದರೂ ನೋಂದಣಿ ಪತ್ರದಲ್ಲಿ ಬರೆದ ತೂಕಕ್ಕೆ ಮಾತ್ರ ಸಿದ್ಧವಾಗಿರುತ್ತದೆ. ವೇಗ 30 ಕಿ.ಮೀ.ನಿಂದ 60ಕ್ಕೆ ಏರಿದರೆ, ಬ್ರೇಕು ಹಿಡಿದ ಮೇಲೆ ಲಾರಿ ಓಡುವ ದೂರ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಮಂಗಳೂರಿನ ಕಡೆ ಮಾಲು ಹೋಗುವುದಾದರೆ ಶಿರಾಡಿಯಂಥ ಘಟ್ಟ ಇಳಿಯಬೇಕು. ಅಲ್ಲಿ ಪೆಡಲನ್ನೇ ನಂಬಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ, ಪದೇ ಪದೇ ತುಳಿದರೆ ಗಾಳಿಯೂ ಖರ್ಚಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರು ಹಾಕುವುದು ಕ್ಷೇಮ.

ನಮ್ಮ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ ಗಾಳಿಯ ಬ್ರೇಕು ಇರುವುದಿಲ್ಲ. ಎಷ್ಟೋ ಟ್ರೈಲರುಗಳಿಗೆ ಯಾವ ಬ್ರೇಕೂ ಇರುವುದಿಲ್ಲ. ಅವಕ್ಕೂ ಗಾಲಿಯಡಿಯ ಕಲ್ಲು ತಪ್ಪಬಾರದು.

ಸಾರಿಗೆ ವಾಹನಕ್ಕೆ ಫಿಟ್ನೆಸ್ ಪ್ರಮಾಣಪತ್ರ ಕಡ್ಡಾಯ. ಲಾರಿ ಗೊತ್ತು ಮಾಡುವಾಗ ಅದನ್ನು ಕೇಳಲು ಸಂಕೋಚ ಬೇಡ. ಆದರೆ ಪತ್ರ ಕೊಟ್ಟ ದಿನದ ಬ್ರೇಕು ಇಂದಿನ ಬ್ರೇಕಲ್ಲ. ಬೀಜ ಬಿತ್ತುವ ಮುನ್ನ ಮೊಳಕೆ ಪರೀಕ್ಷೆ ಮಾಡುವ ರೈತರು, ಹೇರುವ ಮುನ್ನ ಗಾಳಿಯ ಪರೀಕ್ಷೆಯನ್ನೂ ರೂಢಿ ಮಾಡಿಕೊಳ್ಳಬೇಕು. ಲಾರಿ ಬೇರೆಯವರದಿರಬಹುದು, ಅದರ ಹಿಂದೆ ನಿಂತು ಚೀಲ ಎತ್ತುವವರು ನಮ್ಮೂರಿನವರು. ವಾಚನಾಲಯದಲ್ಲಿ ಇದನ್ನು ಓದಿದವರು ಊರಿನ ಚಾಲಕರಿಗೂ ಹಮಾಲರಿಗೂ ಓದಿ ಹೇಳಬೇಕೆಂದು ವಿನಂತಿ.