ಐರ್ಲೆಂಡಿನ ರೈತರು ಮತ್ತು ರಾಸುಗಳ ಬಗೆಗಿನ ಮೂಢನಂಬಿಕೆಗಳು

ದನ ಸಾಕುವ ನಾಡುಗಳಲ್ಲೆಲ್ಲ ರಾಸುಗಳ ಸುತ್ತ ಹಲವು ನಂಬಿಕೆಗಳು ಬೆಳೆದು ಬಂದಿವೆ. ಯುರೋಪಿನ ಪಶ್ಚಿಮ ಅಂಚಿನಲ್ಲಿರುವ ಐರ್ಲೆಂಡ್ ದ್ವೀಪ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಎಷ್ಟೋ ಸಣ್ಣ ರೈತರಿಗೆ ಬೆಣ್ಣೆ ಮಾರಿದ ಹಣವೇ ಗೇಣಿ ಕಟ್ಟಲು ಆಧಾರವಾಗಿತ್ತು. ಹಸು ಹಾಲು ಕೊಡದಿದ್ದರೆ ಅಥವಾ ಬೆಣ್ಣೆ ಬಾರದಿದ್ದರೆ ಇಡೀ ಸಂಸಾರವೇ ಕಷ್ಟಕ್ಕೆ ಸಿಲುಕುತ್ತಿತ್ತು. ಈ ಭಯವೇ ಅನೇಕ ನಂಬಿಕೆಗಳಿಗೆ ಮೂಲ. 1935ರಲ್ಲಿ ಸ್ಥಾಪನೆಯಾದ ಅಲ್ಲಿನ ಜಾನಪದ ಆಯೋಗವು 1937-38ರಲ್ಲಿ ಶಾಲಾ ಮಕ್ಕಳ ಮೂಲಕ ಇಂತಹ ನಂಬಿಕೆಗಳನ್ನು ಹಿರಿಯರಿಂದ ಕೇಳಿ ಬರೆಸಿತು.

ಬೆಣ್ಣೆಯ ಕಳವು: ಮೇ 1 ಅಲ್ಲಿ ಬೇಸಿಗೆಯ ಮೊದಲ ದಿನ. ಹುಲ್ಲು ಚಿಗುರಿ ಹಾಲು ಹೆಚ್ಚುವ ಕಾಲವದು. ಅಂದು ಹಾಲು, ಬೆಣ್ಣೆ, ಉಪ್ಪು ಅಥವಾ ಒಲೆಯ ಕೆಂಡವನ್ನು ಹೊರಗೆ ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ಮಾಟದಿಂದ ಅನ್ಯರ ಪಾಲಾಗುವುದೆಂದು ನಂಬುತ್ತಿದ್ದರು. ರಕ್ಷಣೆಗಾಗಿ ಕೊಟ್ಟಿಗೆಯ ಬಾಗಿಲಿಗೆ ಹಳದಿ ಹೂ, ಹಸುವಿನ ಬಾಲಕ್ಕೆ ಕೆಂಪು ದಾರ ಕಟ್ಟುತ್ತಿದ್ದರು. ಮಾಟಗಾತಿಯು ಮೊಲದ ರೂಪದಲ್ಲಿ ಬಂದು ಕೆಚ್ಚಲಿನ ಹಾಲು ಕುಡಿಯುತ್ತಾಳೆ ಎಂಬ ಕತೆಯೂ ಇತ್ತು. ಇದರಿಂದ ಒಂಟಿ ಮುದುಕಿಯರು ನೆರೆಹೊರೆಯವರ ಸಂಶಯಕ್ಕೆ ಗುರಿಯಾಗುತ್ತಿದ್ದರು.

ನಿಜವಾದ ಕಾರಣಗಳು ಬೇರೆ. ಕೆನೆ ಅತಿ ತಣ್ಣಗಿದ್ದರೆ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಹೆಚ್ಚು ಬಿಸಿಯಾದರೆ ಕೊಬ್ಬು ಮಜ್ಜಿಗೆಯಲ್ಲೇ ಉಳಿಯುತ್ತದೆ. ಬತ್ತುವ ಹಂತದಲ್ಲಿರುವ ಹಸುವಿನ ಹಾಲಿನಲ್ಲಿ ಈ ಕಣಗಳು ಚಿಕ್ಕವಾಗಿರುವುದರಿಂದ ಬೆಣ್ಣೆ ಬರುವುದು ತಡ. ಸರಿಯಾಗಿ ತೊಳೆಯದ ಪಾತ್ರೆಯಿಂದಲೂ ಕೆನೆ ಕೆಡುತ್ತದೆ.

ಕಿನ್ನರರ ಬಾಣ: ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟರೆ ಕಿನ್ನರರ ಬಾಣ ತಗುಲಿದೆ ಎನ್ನುತ್ತಿದ್ದರು. ಉಳುವಾಗ ಸಿಗುತ್ತಿದ್ದ ಕಲ್ಲಿನ ಬಾಣದ ಮೊನೆಗಳೇ ಇದಕ್ಕೆ ಸಾಕ್ಷಿ ಎಂಬ ಭಾವನೆಯಿತ್ತು. ವಾಸ್ತವವಾಗಿ ಅವು ಪ್ರಾಚೀನ ಕಾಲದ ಮನುಷ್ಯರು ಮಾಡಿದ ಆಯುಧಗಳು.

ಕಂದು ಹಾಕುವುದು: ಹಸುಗಳು ಕಂದು ಹಾಕದಿರಲೆಂದು ಮಂದೆಯಲ್ಲಿ ಒಂದು ಆಡನ್ನು ಸಾಕುವ ರೂಢಿಯಿತ್ತು. ಯಾರಾದರೂ ತಮ್ಮ ಹುಲ್ಲಿನಲ್ಲಿ ಮೊಟ್ಟೆ ಬಚ್ಚಿಟ್ಟು ಕೇಡು ಬಯಸಿದರೆಂದು ನೆರೆಯವರನ್ನು ದೂಷಿಸುವವರೂ ಇದ್ದರು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಎಂಬ ವಿಜ್ಞಾನಿ ಈ ಸಾಂಕ್ರಾಮಿಕ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಪತ್ತೆಮಾಡಿದರು. ಇದೇ ಬ್ರುಸೆಲ್ಲೋಸಿಸ್. ಐರ್ಲೆಂಡಿನಲ್ಲಿ ಮಂದೆಗಳನ್ನು ಪರೀಕ್ಷಿಸಿ, ರೋಗವಿರುವ ರಾಸುಗಳನ್ನು ತೆಗೆದುಹಾಕುವ ಕ್ರಮವನ್ನು ಹಲವು ವರ್ಷ ಬಿಡದೆ ನಡೆಸಲಾಯಿತು. 2009ರಲ್ಲಿ ಆ ದೇಶವು ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಆಡಿನಿಂದ ಆಗದ ಕೆಲಸ ಪರೀಕ್ಷೆಯಿಂದ ಆಯಿತು.

ಇದೇ ರೋಗ ನಮ್ಮ ರಾಸುಗಳಲ್ಲಿಯೂ ಇದೆ. ಇದು ಮನುಷ್ಯರಿಗೂ ತಗಲುತ್ತದೆ. ಆದ್ದರಿಂದ ಕಂದು ಹಾಕಿದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. 4ರಿಂದ 8 ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಬೇಕು. ಹಸು ಕಂದು ಹಾಕಿದರೆ ನೆರೆಯವರ ಮೇಲೆ ಸಂಶಯಪಡದೆ ಕೂಡಲೇ ಪಶುವೈದ್ಯರಿಗೆ ತಿಳಿಸುವುದು ಒಳ್ಳೆಯದು.