ಓಬವ್ವನ ಕಾಲು ಏಕೆ ನಿಂತಿತು?

ಸೂತ್ರದ ಬೊಂಬೆಯ ಒಂದೇ ಕೈಗೆ ಇಬ್ಬರು ದಾರ ಕಟ್ಟಿ ಎಳೆದರೆ ಏನಾದೀತು? ಗಟ್ಟಿಯಾಗಿ ಎಳೆದವನ ಮಾತು ನಡೆಯುತ್ತದೆ, ಇಲ್ಲವೆ ಕೈ ಇಬ್ಬರೂ ಬಯಸದ ಕಡೆ ಹೋಗುತ್ತದೆ. ಗಣಕದ ಬೊಂಬೆಗಳದೂ ಇದೇ ಪಾಡು.

ಚಿತ್ರದುರ್ಗ ಜಿಲ್ಲೆಯ ಕೆಲವು ಶಿಕ್ಷಕರು ಒನಕೆ ಓಬವ್ವನ ಕಿರು ಆ್ಯನಿಮೇಷನ್ ಮಾಡಲು ಹೊರಟಿದ್ದರು. ಕೋಟೆಯ ಕಿಂಡಿಯ ಬಳಿಗೆ ಆಕೆ ನಡೆದು ಬರಬೇಕು, ಒನಕೆ ಎತ್ತಿ ಬೀಸಬೇಕು, ಅಷ್ಟೆ. ಕೆಲಸವನ್ನು ಹಂಚಿಕೊಂಡರು. ನಡಿಗೆ ಹಿರಿಯೂರಿನವರದು, ಒನಕೆಯ ಪೆಟ್ಟು ಹೊಸದುರ್ಗದವರದು, ಉಸಿರಿಗೆ ತಕ್ಕಂತೆ ಎದೆಯ ಏರಿಳಿತ ಹೊಳಲ್ಕೆರೆಯವರದು. ಚಿತ್ರದುರ್ಗದಲ್ಲಿ ಎಲ್ಲವನ್ನೂ ಕೂಡಿಸುವುದು. ಬಿಡಿಯಾಗಿ ಮೂರೂ ಚೆನ್ನಾಗಿದ್ದವು. ಕೂಡಿಸಿ ನೋಡಿದರೆ ಓಬವ್ವ ಕಾಲೆತ್ತದೆ, ಜಾರುಬಂಡೆಯ ಮೇಲೆ ಸರಿದಂತೆ ಬಂದಳು. "ಫೈಲೇ ಕೆಟ್ಟಿದೆ ಸಾರ್, ಮೊದಲಿಂದ ಮಾಡಬೇಕು" ಎಂದರು. ಎರಡು ವಾರದ ದುಡಿಮೆ ಅದು. ಫೈಲ್ ಕೆಟ್ಟಿರಲಿಲ್ಲ.

ಅವರು ಬಳಸಿದ್ದು ಬ್ಲೆಂಡರ್. 2002ರಿಂದ ಮುಕ್ತ ತಂತ್ರಾಂಶವಾಗಿ ದೊರೆಯುವ ಇದರಲ್ಲಿ ಚಲನೆಗಳನ್ನು ಪದರಗಳಾಗಿ ಒಂದರ ಮೇಲೊಂದು ಜೋಡಿಸಲು ನಾನ್‌ಲೀನಿಯರ್ ಆ್ಯನಿಮೇಷನ್ ಎಂಬ ವಿಭಾಗವಿದೆ. ಪದರ ಎಂದರೆ ಏನು? ಯಾವ ಮೂಳೆ, ಯಾವ ಕ್ಷಣದಲ್ಲಿ, ಎಷ್ಟು ಸರಿದಿದೆ, ಎಷ್ಟು ತಿರುಗಿದೆ ಎಂಬ ಸಂಖ್ಯೆಗಳ ಪಟ್ಟಿ. ಗಣಕ ಕೆಳಗಿನ ಪದರದಿಂದ ಮೇಲಕ್ಕೆ ಒಂದೊಂದನ್ನೇ ಓದುತ್ತಾ ಹೋಗುತ್ತದೆ. ಮೇಲಿನ ಪದರ 'ರಿಪ್ಲೇಸ್' ವಿಧಾನದಲ್ಲಿದ್ದರೆ, ತಾನು ಹೆಸರಿಸಿದ ಮೂಳೆಗಳಿಗೆ ಕೆಳಗಿನ ಬೆಲೆಯನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ತಾನು ಹೆಸರಿಸದ ಮೂಳೆಯನ್ನು ಮುಟ್ಟುವುದಿಲ್ಲ. ಈ ಕೊನೆಯ ಮಾತಿನಲ್ಲೇ ಗುಟ್ಟಿದೆ.

ಪೆಟ್ಟಿನ ಪದರ ಮಾಡಿದವರು ಕೈಗಳನ್ನು ಮಾತ್ರ ಅಲುಗಿಸಿದ್ದರು, ನಿಜ. ಆದರೆ ಕೀ ಫ್ರೇಮ್ ದಾಖಲಿಸುವಾಗ 'ಹೋಲ್ ಕ್ಯಾರೆಕ್ಟರ್' ಎಂಬ ಆಯ್ಕೆ ಬಳಸಿದ್ದರಿಂದ ಎಲ್ಲ ಮೂಳೆಗಳೂ ಪಟ್ಟಿಗೆ ಸೇರಿದವು. ಕಾಲಿನ ಮುಂದೆ ಬರೆದದ್ದು ಸೊನ್ನೆ. ಸೊನ್ನೆ ಎಂದರೆ 'ಏನನ್ನೂ ಹೇಳಿಲ್ಲ' ಎಂದಲ್ಲ, 'ಅಲುಗಬೇಡ' ಎಂಬ ಆಜ್ಞೆ! ಇಡೀ ಬೊಂಬೆಯನ್ನು ಮುಂದೆ ಸರಿಸುವ ಚಲನೆ ಮೂಳೆಗಳ ಪಟ್ಟಿಯ ಹೊರಗಿದ್ದುದರಿಂದ ಅದೊಂದು ಉಳಿಯಿತು. ಪೆಟ್ಟಿನ ಪದರದಿಂದ ಕಾಲು, ಸೊಂಟ, ಬೆನ್ನಿನ ಚಾನೆಲ್‌ಗಳನ್ನು ಅಳಿಸಿದ ಕೂಡಲೇ ಓಬವ್ವ ನಡೆದಳು.

ಇಂಥ ದೋಷ ಹುಡುಕಲು ವಿದ್ಯುನ್ಮಂಡಲದಲ್ಲಿ ನಾವು ಮಾಡುವುದನ್ನೇ ಮಾಡಿ. ಮೇಲಿನಿಂದ ಒಂದೊಂದೇ ಪದರವನ್ನು ನಿಷ್ಕ್ರಿಯಗೊಳಿಸಿ ನೋಡಿ. ಯಾವುದನ್ನು ಆರಿಸಿದಾಗ ಕಾಲು ಜೀವ ತಳೆಯುತ್ತದೋ ಅಲ್ಲಿದೆ ಕಳ್ಳ. ಯಾವ ಪದರ ಆರಿಸಿದರೂ ಬದಲಾಗದಿದ್ದರೆ, ಪದರವಾಗಿ ಇಳಿಸದೆ ಸಂಪಾದಕದಲ್ಲೇ ಉಳಿದ ಆ್ಯಕ್ಷನ್ ಒಂದಿದೆಯೇ ನೋಡಿ. ಅದು ಎಲ್ಲ ಪದರಗಳ ತಲೆಯ ಮೇಲೆ ಕೂರುತ್ತದೆ. ಪೆಟ್ಟು ಮುಗಿದ ಮೇಲೂ ಕೈ ಹಾಗೇ ನಿಂತಿದ್ದರೆ, ಆ ಪದರದ ಎಕ್ಸ್‌ಟ್ರಪೊಲೇಷನ್ 'ಹೋಲ್ಡ್' ಎಂದಿರುತ್ತದೆ; 'ನಥಿಂಗ್' ಮಾಡಿ.

ನಮ್ಮ ಗೆಳೆಯರು ಮೊದಲು ಬೇರೊಂದು ಮದ್ದು ಪ್ರಯತ್ನಿಸಿದ್ದರು. 'ರಿಪ್ಲೇಸ್' ತೆಗೆದು 'ಆ್ಯಡ್' ಮಾಡಿದರು. ಕಾಲೇನೋ ನಡೆಯಿತು, ಸೊನ್ನೆ ಕೂಡಿದರೆ ನಷ್ಟವಿಲ್ಲವಲ್ಲ. ಆದರೆ ತೋಳು ಕಿವಿಯ ಹಿಂದಕ್ಕೆ ಹೋಯಿತು. ನಡಿಗೆಯಲ್ಲಿ ತೋಳು ಆ ಕ್ಷಣ 25° ಮುಂದಿತ್ತು ಎನ್ನಿ. ಪೆಟ್ಟಿನವರು ತೋಳು ಒಟ್ಟು 150° ಏರಬೇಕೆಂದು ದಾಖಲಿಸಿದ್ದರು. ಕೂಡಿದಾಗ 175°. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಅಲೆಗಳ ಅಧ್ಯಾರೋಪಣವನ್ನು ನೆನೆಯಬಹುದು. ಸಮತೋಲ ಸ್ಥಾನದಿಂದ ಆದ ಪಲ್ಲಟಗಳನ್ನು ಕೂಡುತ್ತೇವೆಯೇ ಹೊರತು ನೆಲದಿಂದ ಅಳೆದ ಎತ್ತರಗಳನ್ನಲ್ಲ. ಉಸಿರಾಟ ಒಂದು ಪಲ್ಲಟ. ಅದಕ್ಕೆ ಕೂಡಿಕೆ ಸರಿ. ಒನಕೆಯ ಪೆಟ್ಟು ಒಂದು ಭಂಗಿ. ಅದಕ್ಕೆ ಬದಲಾವಣೆಯೇ ಸರಿ.

ತಿರುವುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪುಸ್ತಕವೊಂದನ್ನು ಮುಖಪುಟ ಮೇಲಾಗಿ ಮೇಜಿನ ಮೇಲಿಡಿ. ಮಲಗಿರುವಂತೆಯೇ ಬಲಕ್ಕೆ 90° ತಿರುಗಿಸಿ, ಆಮೇಲೆ ದೂರದ ಅಂಚನ್ನೆತ್ತಿ ನಿಲ್ಲಿಸಿ. ಬೆನ್ನು ಮೇಲೆ ಅಡ್ಡವಾಗಿ ಬಂತು. ಈಗ ಮೊದಲು ನಿಲ್ಲಿಸಿ, ಆಮೇಲೆ ಬಲಕ್ಕೆ ತಿರುಗಿಸಿ. ಬೆನ್ನು ನೆಟ್ಟಗೆ ನಿಂತಿತು! ಸದಿಶಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಒಂದೇ. ದೊಡ್ಡ ತಿರುವುಗಳು ಹಾಗಲ್ಲ. ಪದರಗಳ ಕ್ರಮ ಬದಲಿಸಿದರೆ ಭಂಗಿ ಬದಲಾಗುವುದಕ್ಕೆ ಇದೂ ಒಂದು ಕಾರಣ. ಹ್ಯಾಮಿಲ್ಟನ್ 1843ರಲ್ಲಿ ಕಂಡ ಕ್ವಾಟರ್ನಿಯನ್‌ಗಳು ಇಂದು ಆ್ಯನಿಮೇಷನ್ ತಂತ್ರಾಂಶಗಳಲ್ಲಿ ತಿರುವಿನ ಲೆಕ್ಕ ಇಡುತ್ತವೆ. ಅವುಗಳ ನಾಲ್ಕು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕೂಡುವುದು ಅರ್ಥಹೀನ, ಗುಣಿಸಬೇಕು. ಬ್ಲೆಂಡರ್‌ನ 'ಕಂಬೈನ್' ವಿಧಾನ ಅದನ್ನೇ ಮಾಡುತ್ತದೆ. ಆದ್ದರಿಂದ ಉಸಿರಾಟದ ಪದರಕ್ಕೂ 'ಆ್ಯಡ್' ಬದಲು 'ಕಂಬೈನ್' ಇಟ್ಟೆವು.

ಕೊನೆಗೆ ನಡಿಗೆಯಿಂದ ಪೆಟ್ಟಿಗೆ ಮೆಲ್ಲನೆ ಜಾರಬೇಕೆಂದು ಪೆಟ್ಟಿನ ಪದರದ ಪ್ರಭಾವವನ್ನು 0ಯಿಂದ 1ಕ್ಕೆ ಏರಿಸಿದಾಗ ಒನಕೆ ನಡುವೆ ಗಿರ್ರನೆ ಸುತ್ತಿತು. ಒನಕೆಯ ಮೂಳೆಗೆ ಕೋನಗಳ ಲೆಕ್ಕವಿತ್ತು. ಕೆಳಗಿನ ಪದರದಲ್ಲಿ 170°, ಮೇಲಿನದರಲ್ಲಿ -170°. ಇವೆರಡರ ನಡುವೆ ಇರುವುದು ಬರೀ 20°. ಆದರೆ ಪ್ರಭಾವ 0.5 ಇದ್ದಾಗ ಸರಾಸರಿ ಸೊನ್ನೆ, ಅಂದರೆ ಒನಕೆ ತದ್ವಿರುದ್ಧ ದಿಕ್ಕಿಗೆ. ವೈರಿಗೆ ಬೀಳಬೇಕಾದ ಪೆಟ್ಟು ಓಬವ್ವನಿಗೇ! -170°ಯನ್ನು 190° ಎಂದು ಬರೆದರೆ ಸರಾಸರಿ 180° ಆಗಿ ಸರಿಹೋಗುತ್ತದೆ. ಬ್ಲೆಂಡರ್‌ನ ಆಯ್ಲರ್ ಶೋಧಕ ಒಂದು ಪದರದೊಳಗಿನ ಜಿಗಿತವನ್ನು ತಿದ್ದುತ್ತದೆ, ಎರಡು ಪದರಗಳ ನಡುವಿನದನ್ನಲ್ಲ. ಅದನ್ನು ಕೈಯಾರೆ ತಿದ್ದಬೇಕು.

ಇಷ್ಟಾದರೂ ಎದೆ ಉಬ್ಬಿದಾಗಲೆಲ್ಲ ಎಡಗೈ ಒನಕೆಯಿಂದ ತುಸು ಜಾರುತ್ತಿತ್ತು. ಇದು ಪದರಗಳ ಜಗಳವಲ್ಲ. ಒನಕೆ ಬಲಗೈಯ ಹಿಂದೆ ಮಾತ್ರ ಹೋಗುತ್ತದೆ, ಎಡಗೈಯ ಹಿಂದೆ ಅಲ್ಲ. ಎಡಗೈಗೆ ಒನಕೆಯನ್ನೇ ಗುರಿಯಾಗಿಟ್ಟು ಇನ್‌ವರ್ಸ್ ಕೈನೆಮ್ಯಾಟಿಕ್ಸ್ ನಿರ್ಬಂಧ ಹಾಕಿದೆವು. ಪದರಗಳ ಲೆಕ್ಕವೆಲ್ಲ ಮುಗಿದ ಮೇಲೆ ನಿರ್ಬಂಧಗಳ ಸರದಿ ಬರುವುದರಿಂದ ಎಡಗೈ ಮತ್ತೆ ಕದಲಲಿಲ್ಲ.